ಒಬ್ಬ ರಾಜನಿಗಿಂತ ನೂರು ಗಿರಾಕಿ ಮೇಲು

ಛಟ್ಟಿ ಅಮಾವಾಸ್ಯೆ ಹತ್ತಿರವಾದರೆ ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆಯ ಜನ ಗುಡ್ಡಾಪುರದ ದಾರಿ ಹಿಡಿಯುತ್ತಾರೆ. ಮಹಾರಾಷ್ಟ್ರದ ಸಾಂಗಲಿ ಜಿಲ್ಲೆ, ಜತ್ತ ತಾಲ್ಲೂಕಿನ ಈ ಊರು ಶರಣೆ ದಾನಮ್ಮದೇವಿಯ ಕ್ಷೇತ್ರ. ದರ್ಶನ ಮುಗಿಸಿದವರು ಕುಂಕುಮ, ಬಳೆ, ಬೆಂಡು-ಬತ್ತಾಸಿನ ಜೊತೆಗೆ ದೇವಿಯ ಫೋಟೊ ಒಂದನ್ನು ಕೊಂಡು ಹೋಗಿ ದೇವರ ಜಗಲಿಯ ಮೇಲೆ ಇಡುತ್ತಾರೆ. ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ, ಲಾರಿಯ ಗಾಜಿನ ಒಳಬದಿಯಲ್ಲಿ ಅದೇ ಮುಖ ಕಾಣುತ್ತದೆ. ಹಾಗಿರುವಾಗ ಜತ್ತದಂಥ ಮಳೆನೆರಳಿನ ಸೀಮೆಯಲ್ಲಿ ಚಿತ್ರ ಕೊಳ್ಳುವವರು ಯಾರಿದ್ದಾರೆ ಎಂದು ಕೇಳುವುದೇ ತಪ್ಪು. ಕೊಳ್ಳುವವರು ಇದ್ದಾರೆ. ಅವರು ಕೊಡುವ ದುಡ್ಡು ದೂರದ ಮುದ್ರಣಾಲಯಗಳಿಗೆ ಹೋಗುತ್ತದೆ. ಇಲ್ಲಿಯ ಚಿತ್ರಕಾರರ ಕೈಗೆ ಬರುವ ದಾರಿ ಇನ್ನೂ ಆಗಿಲ್ಲ.

ಆ ದಾರಿಯನ್ನು ಕಟ್ಟಬಹುದು ಎಂಬುದೇ ಈ ಲೇಖನದ ವಾದ. ಚಿತ್ರ ಬರೆಯುವುದು, ವಿನ್ಯಾಸ ಮಾಡುವುದು, ಗ್ಯಾಲರಿ ನಡೆಸುವುದು ಮೂರು ಬೇರೆ ಬೇರೆ ಜನರ ಕಸುಬು ಎಂದು ನಾವು ಎಣಿಸುತ್ತ ಬಂದಿದ್ದೇವೆ. ಮುಂಬಯಿಯಲ್ಲಿ ಆ ಲೆಕ್ಕ ಸರಿ ಇರಬಹುದು. ಸಣ್ಣ ಊರಿನಲ್ಲಿ ಮಾತ್ರ ಇವುಗಳಲ್ಲಿ ಯಾವ ಒಂದೂ ತಾನೇ ನಿಲ್ಲಲಾರದು. ಮೂರೂ ಸೇರಿದರೆ ಮೂರು ಕಲ್ಲಿನ ಒಲೆಯ ಹಾಗೆ ಭದ್ರವಾಗಿ ನಿಲ್ಲುತ್ತವೆ. ಸ್ವತಂತ್ರ ಕಲಾವಿದರೆಂದರೆ ಯಾರ ಹಂಗೂ ಇಲ್ಲದವರು ಎಂಬ ಕಲ್ಪನೆಯನ್ನೂ ಇಲ್ಲಿ ಕೈಬಿಡಬೇಕಾಗುತ್ತದೆ. ಅಂಥ ಕಲಾವಿದರು ಚರಿತ್ರೆಯಲ್ಲಿ ಸಿಗುವುದು ಅಪರೂಪ. ಯಾವ ಒಬ್ಬ ಗಿರಾಕಿ ಕೈಬಿಟ್ಟರೂ ಯಾರ ಕುಂಚ ನಿಲ್ಲುವುದಿಲ್ಲವೋ ಅವರೇ ಸ್ವತಂತ್ರರು. ಅಂದರೆ ಚಿತ್ರಕಾರರ ಸ್ವಾತಂತ್ರ್ಯಕ್ಕೆ ಬೇಕಾದದ್ದು ಹಲವು ಜನ, ಹಲವು ಬಗೆಯ ಗಿರಾಕಿಗಳು.

ಒಬ್ಬನೇ ಪೋಷಕನನ್ನು ನೆಚ್ಚಿದ ಕಲೆಗೆ ಏನಾಗುತ್ತದೆ ಎಂಬುದಕ್ಕೆ ಈ ಭಾಗವೇ ಸಾಕ್ಷಿ. 1948ರವರೆಗೆ ಜತ್ತ ಡಫಳೆ ಮನೆತನದ ಸಂಸ್ಥಾನವಾಗಿತ್ತು. ಇಲ್ಲಿಗೆ ದೂರವಲ್ಲದ ಆಟಪಾಡಿ ಔಂಧ ಸಂಸ್ಥಾನಕ್ಕೆ ಸೇರಿತ್ತು. ಔಂಧದ ಅರಸ ಭವಾನರಾವ್ ಪಂತ ಪ್ರತಿನಿಧಿ ಸ್ವತಃ ಚಿತ್ರಕಾರ. ರಾಮಾಯಣದ ಕಥೆಯನ್ನು ಚಿತ್ರಗಳಲ್ಲಿ ಬರೆದವರು. ರವಿವರ್ಮನ ಕೃತಿಗಳಿಂದ ಹೆನ್ರಿ ಮೂರ್ ಶಿಲ್ಪದವರೆಗೆ ಅವರು ಕೂಡಿಹಾಕಿದ ಸಂಪತ್ತು 1938ರಲ್ಲಿ ತೆರೆದ ಔಂಧದ ಭವಾನಿ ಸಂಗ್ರಹಾಲಯದಲ್ಲಿ ಇಂದಿಗೂ ಇದೆ. ಅಂಥ ಅರಸ ಇದ್ದಾಗ ಕಲಾವಿದರಿಗೆ ಆಸರೆ ಇತ್ತು. ಸಂಸ್ಥಾನಗಳು ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾದ ಮೇಲೆ ಆ ಆಸರೆ ಕಳಚಿತು, ಅದರ ಜಾಗಕ್ಕೆ ಬರುವ ಇನ್ನೊಂದು ವ್ಯವಸ್ಥೆ ಸಿದ್ಧವಾಗಿರಲಿಲ್ಲ. ಜತ್ತ ಹೊಸ ದಕ್ಷಿಣ ಸಾತಾರಾ ಜಿಲ್ಲೆಗೆ ಸೇರಿತು. ಅದೇ ಜಿಲ್ಲೆ 1960ರಲ್ಲಿ ಸಾಂಗಲಿ ಎಂಬ ಹೆಸರು ಪಡೆಯಿತು. ಸಂಗ್ರಹಾಲಯ ಉಳಿಯಿತು, ಪೋಷಣೆ ಉಳಿಯಲಿಲ್ಲ. ಅರಸನ ಔದಾರ್ಯ ಎಷ್ಟೇ ದೊಡ್ಡದಿದ್ದರೂ ಅದು ಅವನ ಅಧಿಕಾರದ ಜೊತೆಗೇ ಮುಗಿಯುವಂಥದು ಎಂಬ ಪಾಠವನ್ನು ಇಂದು ಸರ್ಕಾರಿ ಅನುದಾನಕ್ಕೂ ದೊಡ್ಡ ಕಂಪನಿಯ ನೆರವಿಗೂ ಅನ್ವಯಿಸಬಹುದು.

ಹಲವು ಗಿರಾಕಿಗಳನ್ನು ನಂಬಿ ಬೆಳೆದ ಕಲಾವಿದರಿಗೆ ನಮ್ಮ ಸೀಮೆಯ ದೊಡ್ಡ ಉದಾಹರಣೆ ಕಲಬುರಗಿಯ ಎಸ್.ಎಂ. ಪಂಡಿತ್. 1916ರಲ್ಲಿ ಹುಟ್ಟಿದ ಅವರು ಮದರಾಸಿನಲ್ಲೂ ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲೂ ಕಲಿತು, ಹೊಟ್ಟೆಪಾಡಿಗೆ ಆರಿಸಿಕೊಂಡದ್ದು ಸಿನಿಮಾ ಮಂದಿರಗಳ ಪ್ರಚಾರಚಿತ್ರ, ‘ಫಿಲ್ಮ್ ಇಂಡಿಯಾ’ ಪತ್ರಿಕೆಯ ಮುಖಪುಟ ಮತ್ತು ಕ್ಯಾಲೆಂಡರುಗಳನ್ನು. ತಮ್ಮದೇ ಸ್ಟುಡಿಯೊ ಕಟ್ಟಿಕೊಂಡು ದುಡಿದರು. ಅವರು ಬರೆದ ಪುರಾಣದ ದೃಶ್ಯಗಳು ಕ್ಯಾಲೆಂಡರಿನ ಮೂಲಕ ಗ್ಯಾಲರಿಯ ಮುಖವನ್ನೇ ನೋಡದ ಲಕ್ಷಾಂತರ ಮನೆಗಳನ್ನು ಸೇರಿದವು. ಸಂಪಾದನೆಯೂ ಹೆಸರೂ ಕೈಸೇರಿದ ಮೇಲೆ, 1960ರ ದಶಕದ ಕೊನೆಯ ಹೊತ್ತಿಗೆ, ಅವರು ಮುಂಬಯಿ ಬಿಟ್ಟು ಹುಟ್ಟೂರಿಗೆ ಮರಳಿ ಅಲ್ಲಿಯೇ ಚಿತ್ರ ಬರೆದರು, 1993ರಲ್ಲಿ ತೀರಿಕೊಂಡರು. ಹಣವಂತ ಸಂಗ್ರಾಹಕರ ಮರ್ಜಿಯನ್ನು ಕಾಯದೆ ಸಾವಿರಾರು ಸಾಮಾನ್ಯ ಗಿರಾಕಿಗಳ ಬಲದ ಮೇಲೆ ಕಲಾವಿದನೊಬ್ಬ ತನಗೆ ಬೇಕಾದ ಊರಿನಲ್ಲಿ ಬದುಕಿದ ಎಂಬುದು ಇಲ್ಲಿ ಮುಖ್ಯ.

ಚಿತ್ರಕಲೆಯ ತರಬೇತಿ ವಿನ್ಯಾಸದ ದಾರಿಗೆ ಹೊರಳುವುದು ಸೋಲಲ್ಲ ಎಂಬುದಕ್ಕೆ ಸಾಂಗಲಿ ಜಿಲ್ಲೆಯಲ್ಲೇ ಒಂದು ಕಾರ್ಖಾನೆಯ ಊರು ಇದೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಚಿತ್ರಕಾರನಾಗಬೇಕೆಂದೇ ಜೆ.ಜೆ. ಕಲಾಶಾಲೆ ಸೇರಿದ್ದರು. ಕೆಲವು ಬಣ್ಣಗಳು ಕಣ್ಣಿಗೆ ಬೇರೆ ಬೇರೆಯಾಗಿ ಕಾಣುವುದಿಲ್ಲ ಎಂದು ಗೊತ್ತಾದಾಗ ಕುಂಚ ಬಿಟ್ಟರು, ರೇಖೆಯನ್ನು ಬಿಡಲಿಲ್ಲ. ಯಂತ್ರಗಳ ರೇಖಾಚಿತ್ರ ಕಲಿತು, ಕಲಿಸಿ, ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದು, ಮೇವು ಕತ್ತರಿಸುವ ಯಂತ್ರ ಮತ್ತು ಕಬ್ಬಿಣದ ನೇಗಿಲನ್ನು ರೂಪಿಸಿದರು. ಕಬ್ಬಿಣ ಮಣ್ಣಿಗೆ ವಿಷ ಎಂದು ರೈತರು ಹೆದರಿದ್ದರಿಂದ ನೇಗಿಲು ಮಾರುವುದು ಮೊದಲು ಬಹಳ ಕಷ್ಟವಾಯಿತು. 1910ರಲ್ಲಿ ಔಂಧದ ಅರಸರು ಕೊಟ್ಟ ಕುಂಡಲ್ ಬಳಿಯ ಜಾಗದಲ್ಲಿ ಕಿರ್ಲೋಸ್ಕರವಾಡಿ ಹುಟ್ಟಿತು. ಇನ್ನೊಂದು ದಿಕ್ಕಿಗೆ, ಪಂಢರಪುರದಲ್ಲಿ ಹುಟ್ಟಿದ ಎಂ.ಎಫ್. ಹುಸೇನ್ ಮುಂಬಯಿಯಲ್ಲಿ ಸಿನಿಮಾ ಫಲಕ ಬರೆದರು, ಮಕ್ಕಳ ಆಟಿಕೆ ಮತ್ತು ಪೀಠೋಪಕರಣಗಳ ವಿನ್ಯಾಸ ಮಾಡಿದರು. ಆ ದುಡಿಮೆಯ ವರ್ಷಗಳ ನಂತರವೇ, 1947ರಲ್ಲಿ, ಪ್ರೋಗ್ರೆಸಿವ್ ಆರ್ಟಿಸ್ಟ್ಸ್ ಗ್ರೂಪಿನ ಜೊತೆಗೂಡಿದರು. ವಿನ್ಯಾಸ ಒಬ್ಬರಿಗೆ ಗುರಿಯೇ ಆಯಿತು, ಇನ್ನೊಬ್ಬರಿಗೆ ಸೇತುವೆಯಾಯಿತು. ಇಬ್ಬರ ಕೈಯನ್ನೂ ಅದು ಕಟ್ಟಿಹಾಕಲಿಲ್ಲ.

ಒಬ್ಬೊಬ್ಬರಿಂದ ಆಗದ್ದನ್ನು ಗುಂಪಾಗಿ ಮಾಡಿದವರೂ ಇದ್ದಾರೆ. ಮದರಾಸಿನ ಹೊರವಲಯದ ಚೋಳಮಂಡಲ ಕಲಾವಿದರ ಗ್ರಾಮ 1966ರಲ್ಲಿ ಕೆ.ಸಿ.ಎಸ್. ಪಣಿಕ್ಕರ್ ನಾಯಕತ್ವದಲ್ಲಿ ಆರಂಭವಾಯಿತು. ಅದರ ಸ್ಥಾಪಕ ಸದಸ್ಯರಲ್ಲಿ ಮೈಸೂರಿನ ಎಸ್.ಜಿ. ವಾಸುದೇವ್ ಒಬ್ಬರು. ಅಲ್ಲಿಯ ಕಲಾವಿದರು ಯಾರ ದಾನವನ್ನೂ ಕಾಯಲಿಲ್ಲ. ಬಾಟಿಕ್ ಬಟ್ಟೆ, ಚರ್ಮ ಮತ್ತು ಲೋಹದ ಕರಕುಶಲ ವಸ್ತುಗಳನ್ನು ಮಾಡಿ ಮಾರಿ, ಬಂದ ಹಣದಲ್ಲಿ ಜಮೀನು ಕೊಂಡು ಮನೆ ಕಟ್ಟಿದರು. ಕರಕುಶಲದ ಗಳಿಕೆ ಮನೆ ನಡೆಸಿದ್ದರಿಂದ ಪೇಟೆ ಕೇಳಿದಂತೆ ಚಿತ್ರ ಬರೆಯುವ ಒತ್ತಡ ಅವರ ಮೇಲೆ ಕಡಿಮೆಯಾಯಿತು. ದಕ್ಷಿಣ ಭಾರತದ ಆಧುನಿಕ ಕಲೆಯಲ್ಲಿ ಧೈರ್ಯದ ಪ್ರಯೋಗಗಳು ನಡೆದ ಜಾಗಗಳಲ್ಲಿ ಅದೂ ಒಂದಾಯಿತು ಎಂಬುದನ್ನು ಗಮನಿಸಿದರೆ, ಅನ್ನದ ಕೆಲಸ ಕಲೆಯ ಧೈರ್ಯವನ್ನು ಹೆಚ್ಚಿಸುತ್ತದೆ ಎನ್ನಲು ಆಧಾರ ಸಿಗುತ್ತದೆ.

ಇನ್ನು ಗ್ಯಾಲರಿಯ ಮಾತು. ಮುಂಬಯಿಯ ಹೆಸರಾಂತ ಗ್ಯಾಲರಿ ಚೆಮೂಲ್ಡ್ 1963ರಲ್ಲಿ ಆರಂಭವಾಯಿತು. ಅದರ ಹಿಂದೆ 1941ರಿಂದ ನಡೆದುಬಂದ ಚೌಕಟ್ಟಿನ ವ್ಯಾಪಾರವಿತ್ತು. ಅದರ ಸ್ಥಾಪಕ ಕೇಕೂ ಗಾಂಧಿ ಯುವ ಕಲಾವಿದರ ಚಿತ್ರಗಳನ್ನು ಮೊದಲು ತೂಗುಹಾಕಿದ್ದೇ ತಮ್ಮ ಫ್ರೇಮಿನ ಅಂಗಡಿಯ ಗೋಡೆಗೆ. ಚಿತ್ರ ಮಾರಾಟವಾಗದ ತಿಂಗಳಲ್ಲೂ ಫ್ರೇಮು ಮಾರಾಟವಾಗುತ್ತದೆ ಎಂಬ ಸರಳ ಸತ್ಯ ಸಣ್ಣ ಊರಿಗೆ ಇನ್ನೂ ಚೆನ್ನಾಗಿ ಹೊಂದುತ್ತದೆ. ಒಂದು ಊಹೆಯ ಲೆಕ್ಕ ಹಾಕಿ ನೋಡೋಣ. ನಗರದ ಗ್ಯಾಲರಿಯಲ್ಲಿ ಚಿತ್ರವೊಂದು 30,000 ರೂಪಾಯಿಗೆ ಮಾರಾಟವಾಗಿ, ಗ್ಯಾಲರಿಯ ಪಾಲು ಶೇ 40 ಎಂದಾದರೆ 12,000 ಅಲ್ಲಿಗೇ ಹೋಯಿತು. ಕ್ಯಾನ್ವಾಸು, ಬಣ್ಣ, ಚೌಕಟ್ಟು, ಸಾಗಣೆಗೆ 5,000 ಹಿಡಿದರೆ ಉಳಿಯುವುದು 13,000. ವರ್ಷಕ್ಕೆ ಮೂರು ಚಿತ್ರ ಮಾರಾಟವಾದರೆ 39,000. ಇದರಲ್ಲಿ ಸಂಸಾರ ನಡೆಯುವುದಿಲ್ಲ. ಅದೇ ವ್ಯಕ್ತಿ ಜತ್ತದ ಪೇಟೆಯಲ್ಲಿ ದಿನಕ್ಕೆ ನಾಲ್ಕು ಫೋಟೊಗಳಿಗೆ ಕಟ್ಟು ಹಾಕಿ, ಒಂದಕ್ಕೆ 150 ರೂಪಾಯಿ ಉಳಿಸಿದರೆ, 25 ದಿನ ದುಡಿದ ತಿಂಗಳಿಗೆ 15,000 ಆಗುತ್ತದೆ. ಅಂಗಡಿಯ ಬಾಡಿಗೆ, ಊಟದ ಖರ್ಚು ಅಲ್ಲಿಂದ ಬರುತ್ತದೆ. ಅದೇ ಗೋಡೆಯ ಮೇಲೆ ತಿಂಗಳಿಗೊಮ್ಮೆ ಹೊಸ ಚಿತ್ರಗಳನ್ನು ತೂಗುಹಾಕಿದರೆ, ಕಟ್ಟು ಹಾಕಿಸಲು ಬಂದವರೇ ಪ್ರದರ್ಶನದ ಪ್ರೇಕ್ಷಕರಾಗುತ್ತಾರೆ. ಮೂಲಚಿತ್ರ ಕೊಳ್ಳಲಾರದವರಿಗೆ ಸಂಖ್ಯೆ ಹಾಕಿ ಸಹಿ ಮಾಡಿದ ಮುದ್ರಿತ ಪ್ರತಿ ಇರಬೇಕು. ದಾನಮ್ಮನ ಹೊಸದೊಂದು ಚಿತ್ರವನ್ನು ಇಲ್ಲಿಯ ಚಿತ್ರಕಾರರೇ ಬರೆದು, ಪ್ರತಿ ತೆಗೆಸಿ, ಕಟ್ಟು ಹಾಕಿ ಮಾರಿದರೆ ಬರೆದದ್ದರ, ಮುದ್ರಿಸಿದ್ದರ, ಮಾರಿದ್ದರ ಲಾಭ ಒಂದೇ ಮನೆಗೆ ಸೇರುತ್ತದೆ.

ಜತ್ತದ ವಿನ್ಯಾಸಗಾರರಿಗೆ ಕೆಲಸ ಎಲ್ಲಿದೆ ಎಂದು ಕೇಳುವವರು ಸುತ್ತಲಿನ ಬೆಳೆಯನ್ನು ನೋಡಬೇಕು. ಸಾಂಗಲಿಯ ಒಣದ್ರಾಕ್ಷಿ, ಅರಿಸಿನ, ಪಕ್ಕದ ಸೊಲ್ಲಾಪುರದ ದಾಳಿಂಬೆ ಮೂರಕ್ಕೂ ಭೌಗೋಳಿಕ ಸೂಚಿ ಮಾನ್ಯತೆ ಇದೆ. ದ್ರಾಕ್ಷಿ, ದಾಳಿಂಬೆ ಜತ್ತದ ರೈತರೂ ಬೆಳೆಯುತ್ತಾರೆ. ಮಾನ್ಯತೆ ಸಿಕ್ಕ ಮಾತ್ರಕ್ಕೆ ಬೆಲೆ ಏರುವುದಿಲ್ಲ. ಪೆಟ್ಟಿಗೆ, ಚೀಟಿ, ಗುರುತು ಚೆನ್ನಾಗಿದ್ದರೆ ಮಾತ್ರ ಪೇಟೆಯಲ್ಲಿ ಅದರ ಫಲ ಸಿಗುತ್ತದೆ. ರೈತರ ಸಂಘಗಳು, ಮಹಿಳಾ ಬಚತ್ ಗುಂಪುಗಳು, ಹಾಲಿನ ಡೇರಿಗಳು, ಪತಸಂಸ್ಥೆಗಳು, ಮದುವೆ ಮನೆಗಳು, ಜಾತ್ರಾ ಸಮಿತಿಗಳು ಎಲ್ಲರಿಗೂ ಅಕ್ಷರ ಮತ್ತು ಚಿತ್ರ ಬೇಕು. ಜಿಲ್ಲಾ ಪರಿಷತ್ತಿನ ಶಾಲೆಗಳಲ್ಲಿ ಗೋಡೆಗಳ ಮೇಲೆ ಪಾಠ ಬರೆಯಿಸುವ ‘ಬೋಲಕ್ಯಾ ಭಿಂತಿ’ ಪದ್ಧತಿ ಮಹಾರಾಷ್ಟ್ರದಲ್ಲಿ ರೂಢಿಯಲ್ಲಿದೆ. ಉಮದಿ, ಸಂಖ, ಮಾಡಗ್ಯಾಳ ಸುತ್ತಿನ ಕನ್ನಡ ಮಾಧ್ಯಮದ ಶಾಲೆಗಳ ಗೋಡೆಗೆ ಕನ್ನಡದ ಸ್ವರ, ವ್ಯಂಜನ, ಗುಣಿತಾಕ್ಷರಗಳನ್ನು ಅಂದವಾಗಿ ಬರೆಯಬಲ್ಲವರು ಇದೇ ಮಣ್ಣಿನಲ್ಲಿ ಸಿಗಬೇಕು.

ಗಡಿಯಲ್ಲಿರುವುದು ಸಾಮಾನ್ಯವಾಗಿ ದೌರ್ಬಲ್ಯವೆಂದು ಎಣಿಕೆಯಾಗುತ್ತದೆ. ಅಕ್ಷರ ಬರೆಯುವವರಿಗೆ ಅದೇ ಬಂಡವಾಳ. ಮಹಾರಾಷ್ಟ್ರ 2022ರಲ್ಲಿ ಕಾಯ್ದೆ ತಿದ್ದಿ ಎಲ್ಲ ಅಂಗಡಿಗಳ ಫಲಕದಲ್ಲೂ ದೇವನಾಗರಿಯ ಮರಾಠಿಯನ್ನು ಕಡ್ಡಾಯ ಮಾಡಿತು. ಕರ್ನಾಟಕ 2024ರಲ್ಲಿ ಫಲಕದ ಶೇ 60 ಭಾಗ ಕನ್ನಡ ಇರಬೇಕೆಂದಿತು. ವಿಜಯಪುರದಲ್ಲೂ ಸಾಂಗಲಿಯಲ್ಲೂ ಅಂಗಡಿ ಇರುವ ವ್ಯಾಪಾರಿಗೆ ಎರಡೂ ಲಿಪಿಗಳಲ್ಲಿ ಒಂದೇ ಚೆಲುವಿನ ಹೆಸರು ಬೇಕಾಗುತ್ತದೆ. ಎರಡನ್ನೂ ಓದಿ ಬೆಳೆದ ಕಣ್ಣು ಜತ್ತದ ಮಕ್ಕಳಿಗೆ ಸಹಜವಾಗಿ ಇರುತ್ತದೆ. ಈ ಎರಡು ಲಿಪಿಗಳ ಕೆಲಸ ಎಷ್ಟು ಎತ್ತರಕ್ಕೆ ಹೋಗಬಲ್ಲದು ಎಂಬುದಕ್ಕೆ ಆರ್.ಕೆ. ಜೋಶಿ ಸಾಕ್ಷಿ. ಉಲ್ಕಾ ಜಾಹೀರಾತು ಸಂಸ್ಥೆಯಲ್ಲಿ ದುಡಿದು, ಮುಂಬಯಿ ಐಐಟಿಯ ವಿನ್ಯಾಸ ಕೇಂದ್ರದಲ್ಲಿ ಕಲಿಸಿದ ಈ ಅಕ್ಷರಕಲಾವಿದನ ನೇತೃತ್ವದಲ್ಲೇ ವಿಂಡೋಸಿನ ದೇವನಾಗರಿ ಅಕ್ಷರ ಮಂಗಲ್ ಮತ್ತು ಕನ್ನಡದ ತುಂಗಾ ರೂಪುಗೊಂಡವು.

ಗಡಿಯ ತೊಡಕುಗಳನ್ನೂ ಮುಚ್ಚಿಡಬಾರದು. ಜಿಎಸ್‌ಟಿ ನಿಯಮದಲ್ಲಿ ಸರಕನ್ನು ಬೇರೆ ರಾಜ್ಯಕ್ಕೆ ಮಾರುವವರಿಗೆ ಸಣ್ಣ ವಹಿವಾಟಿನ ರಿಯಾಯಿತಿ ಸಾಮಾನ್ಯವಾಗಿ ಸಿಗುವುದಿಲ್ಲ. ಪಟ್ಟಿಯಲ್ಲಿರುವ ಕರಕುಶಲ ವಸ್ತುಗಳಿಗೆ ಮಾತ್ರ ವಿನಾಯಿತಿ ಇದೆ. ಜತ್ತದಿಂದ ವಿಜಯಪುರ ಹತ್ತಿರವಾದರೂ ಕಾನೂನಿಗೆ ಅದು ಹೊರರಾಜ್ಯ. ಕೈಯಿಂದ ಬರೆದ ಚಿತ್ರಗಳ ಮೇಲಿನ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇ 12ರಿಂದ ಶೇ 5ಕ್ಕೆ ಇಳಿದಿರುವುದು ಒಂದು ಅನುಕೂಲ. ತೆರಿಗೆಯ ತೊಡಕಿಗಿಂತ ದೊಡ್ಡ ನಷ್ಟ ಕೃತಿಸ್ವಾಮ್ಯದ ಅಜ್ಞಾನದಿಂದ ಆಗುತ್ತದೆ. 1957ರ ಕಾಯ್ದೆಯ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ಹಣ ಕೊಟ್ಟು ಬರೆಯಿಸಿದ ಚಿತ್ರದ ಹಕ್ಕು ಬರೆಯಿಸಿದವರದು. ಹಾಗಾಗಿ ದೇವಸ್ಥಾನಕ್ಕೊಂದು ಚಿತ್ರ ಬರೆದುಕೊಡುವಾಗಲೇ ಅದರ ಪ್ರತಿ ತೆಗೆಯುವ ಹಕ್ಕು ಯಾರದು ಎಂದು ಕಾಗದದ ಮೇಲೆ ಬರೆದುಕೊಳ್ಳಬೇಕು. ಹಕ್ಕನ್ನು ವರ್ಗಾಯಿಸಿದ ಪತ್ರದಲ್ಲಿ ಅವಧಿ ಬರೆಯದಿದ್ದರೆ ಅದು 5 ವರ್ಷ ಎಂದೇ ಕಾನೂನು ಎಣಿಸುತ್ತದೆ. ಬರೆದವರ ಹೆಸರು ಅಳಿಸದಂತೆ, ಕೃತಿಯನ್ನು ವಿರೂಪಗೊಳಿಸದಂತೆ ಕೇಳುವ ಹಕ್ಕು ಮಾರಿದ ಮೇಲೂ ಕಲಾವಿದರಲ್ಲೇ ಉಳಿಯುತ್ತದೆ. ಕಾರ್ಖಾನೆಯಲ್ಲಿ ತಯಾರಾಗುವ ವಸ್ತುವಿನ ವಿನ್ಯಾಸವನ್ನು 2000ದ ವಿನ್ಯಾಸ ಕಾಯ್ದೆಯಡಿ ನೋಂದಾಯಿಸಿದರೆ 10 ವರ್ಷ, ಆಮೇಲೆ ಇನ್ನೂ 5 ವರ್ಷ ರಕ್ಷಣೆ ಸಿಗುತ್ತದೆ. ನೋಂದಾಯಿಸದೆ ಐವತ್ತಕ್ಕಿಂತ ಹೆಚ್ಚು ಪ್ರತಿ ಮಾಡಿದರೆ ಕೃತಿಸ್ವಾಮ್ಯವೂ ಹೋಗುತ್ತದೆ. ಇವಿಷ್ಟನ್ನು ತಿಳಿಯದ ಚಿತ್ರಕಾರರು ಒಂದು ದಿನದ ಕೂಲಿಗೆ ವರ್ಷಗಳ ಆದಾಯವನ್ನು ಬಿಟ್ಟುಕೊಡುತ್ತಾರೆ.

ಈ ವಾದಕ್ಕೆ ಎದುರಾಗುವ ಮೊದಲ ಆಕ್ಷೇಪ ಕಲೆಯ ಕಡೆಯಿಂದಲೇ ಬರುತ್ತದೆ. ದಿನವಿಡೀ ಬೋರ್ಡು ಬರೆದು, ಚೌಕಟ್ಟು ಕೂಡಿಸಿದ ಕೈ ರಾತ್ರಿ ಒಳ್ಳೆಯ ಚಿತ್ರ ಬರೆಯಬಲ್ಲದೆ, ಗಿರಾಕಿಯ ರುಚಿಗೆ ಒಗ್ಗಿದ ಕಣ್ಣಿಗೆ ತನ್ನದೇ ನೋಟ ಉಳಿಯುತ್ತದೆಯೆ ಎಂಬ ಆತಂಕ ಅದು. ಇದನ್ನು ಹಗುರವಾಗಿ ತಳ್ಳಿಹಾಕಲಾಗದು. ಕ್ಯಾಲೆಂಡರ್ ಕಲಾವಿದ ಎಂಬ ಹಣೆಪಟ್ಟಿ ಪಂಡಿತರನ್ನು ಬಹಳ ಕಾಲ ಗಂಭೀರ ಕಲಾಚರ್ಚೆಯಿಂದ ದೂರ ಇಟ್ಟಿತು. ಆದರೆ ಇದಕ್ಕೆ ಪರ್ಯಾಯ ಯಾವುದು ಎಂದೂ ಕೇಳಬೇಕು. ಬೇರೆ ಆದಾಯವಿಲ್ಲದ ಚಿತ್ರಕಾರರು ಪ್ರತಿ ಚಿತ್ರವನ್ನೂ ಮಾರಲೇಬೇಕು. ಆಗ ಪೇಟೆಯ ರುಚಿ ನೇರವಾಗಿ ಕ್ಯಾನ್ವಾಸಿನೊಳಗೇ ಬರುತ್ತದೆ. ಅಂಗಡಿಯ ಕೆಲಸದಲ್ಲಿ ಗಿರಾಕಿಯ ಮಾತಿಗೆ ತಲೆಬಾಗಿದರೆ, ತನ್ನ ಚಿತ್ರದಲ್ಲಿ ಯಾರ ಮಾತಿಗೂ ಬಾಗದಿರುವ ಅವಕಾಶ ಸಿಗುತ್ತದೆ. ಬೇಕಾದದ್ದು ಶಿಸ್ತು. ವಾರದ ಇಂತಿಷ್ಟು ಹೊತ್ತು ಸ್ವಂತ ಚಿತ್ರಕ್ಕೆ ಮೀಸಲು ಎಂದು ನಿಗದಿ ಮಾಡಿ, ಮದುವೆ ಸುಗ್ಗಿಯಲ್ಲೂ ಜಾತ್ರೆಯ ಗದ್ದಲದಲ್ಲೂ ಅದನ್ನು ಕಾಯ್ದುಕೊಳ್ಳಬೇಕು.

ಎರಡನೆಯ ಆಕ್ಷೇಪ ಬಡತನದ್ದು. ಕುಡಿಯುವ ನೀರಿಗೇ ಟ್ಯಾಂಕರ್ ಕಾಯುವ ಸೀಮೆ ಇದು. ಮ್ಹೈಸಾಳ ಏತ ನೀರಾವರಿಯ ನೀರು ಪೂರ್ವದ ಹಳ್ಳಿಗಳಿಗೆ ಬರಲಿಲ್ಲವೆಂಬ ಸಂಕಟದಲ್ಲಿ ಕರ್ನಾಟಕ ಸೇರುವ ಠರಾವನ್ನೇ ಕೆಲವು ಊರುಗಳು ಮಾಡಿದ್ದವು, 2022ರ ಕೊನೆಯಲ್ಲಿ ಅದು ಎರಡೂ ರಾಜ್ಯಗಳಲ್ಲಿ ಸುದ್ದಿಯಾಯಿತು. ಅಂಥಲ್ಲಿ ಚಿತ್ರದ ಮಾತೇಕೆ ಎಂದು ಕೇಳುವವರ ಕಾಳಜಿ ನ್ಯಾಯವಾದದ್ದು. ಆದರೆ ಬೆಳೆಯೊಂದನ್ನೇ ನಂಬಿದ ಊರಿನಲ್ಲಿ ಮಳೆಯನ್ನು ನಂಬದ ಕಸುಬುಗಳು ಹೆಚ್ಚಬೇಕಾದದ್ದು ಈ ಬಡತನದ ಕಾರಣಕ್ಕೇ. ವಿನ್ಯಾಸದ ಕೆಲಸಕ್ಕೆ ನೀರು ಬೇಡ, ಹೊಲ ಬೇಡ. ತರಬೇತಿ ಪಡೆದ ಕೈ, ಕಂಪ್ಯೂಟರು, ಇಂಟರ್‌ನೆಟ್ ಸಾಕು. ಬರದ ವರ್ಷ ಊರಿನ ಗಿರಾಕಿ ಕೈ ಬಿಗಿಹಿಡಿದರೆ ಪುಣೆಯ, ಬೆಂಗಳೂರಿನ ಗಿರಾಕಿಯ ಕೆಲಸ ಮಾಡಬಹುದು. ಹಲವು ಬಗೆಯ ಗಿರಾಕಿಗಳು ಬೇಕೆಂದದ್ದರ ಅರ್ಥ ಇದೇ.

ಹಾಗಾದರೆ ಆ ನಗರಗಳಿಗೇ ಹೋಗಬಾರದೇಕೆ ಎಂಬುದು ಮೂರನೆಯ ಪ್ರಶ್ನೆ. ಕಲಿಯಲು ಹೋಗಬೇಕು, ಕೊಲ್ಲಾಪುರ, ಮುಂಬಯಿ, ಧಾರವಾಡ, ಕಲಬುರಗಿ ಎಲ್ಲಿಗಾದರೂ ಸರಿ. ಮಾರಲೂ ಹೋಗಬೇಕು, ಕರ್ನಾಟಕ ಚಿತ್ರಕಲಾ ಪರಿಷತ್ತು 2004ರಿಂದ ನಡೆಸುತ್ತಿರುವ ಚಿತ್ರಸಂತೆಯಲ್ಲಿ ಕಲಾವಿದರು ಬೀದಿಯಲ್ಲೇ ಜನಕ್ಕೆ ನೇರವಾಗಿ ಚಿತ್ರ ಮಾರುತ್ತಾರೆ. ಅಲ್ಲಿಯೇ ನೆಲೆಸಲೇಬೇಕೆಂಬ ನಿಯಮ ಮಾತ್ರ ಇಲ್ಲ. ನಗರದಲ್ಲಿ ಸ್ಟುಡಿಯೊದ ಬಾಡಿಗೆಗೆ ಹೋಗುವ ಹಣ ಊರಿನಲ್ಲಿ ತಿಂಗಳುಗಟ್ಟಲೆ ಚಿತ್ರ ಬರೆಯುವ ಬಿಡುವನ್ನು ಕೊಡುತ್ತದೆ. ಸಾಂಗಲಿ ಜಿಲ್ಲೆಯ ಮೀರಜನ್ನೇ ನೋಡಿ. ಹಿಂದೆ ಆಯುಧಗಳ ಕೆಲಸ ಮಾಡುತ್ತಿದ್ದ ಶಿಕಲಗಾರ ಮನೆತನಗಳು ತಂಬೂರಿ, ಸಿತಾರ್ ಮಾಡುವುದನ್ನು ಕಲಿತು ಆ ಊರನ್ನು ತಂತಿವಾದ್ಯಗಳ ತವರು ಮಾಡಿದವು. ಅಲ್ಲಿಯ ಸಿತಾರ್, ತಂಬೂರಿಗೆ 2024ರಲ್ಲಿ ಭೌಗೋಳಿಕ ಸೂಚಿ ಮಾನ್ಯತೆ ಸಿಕ್ಕಿತು. ದೇಶದ ಗಾಯಕರು ಮೀರಜಕ್ಕೆ ಬಂದರು, ಮೀರಜದ ಕುಶಲಿಗಳು ಊರು ಬಿಡಲಿಲ್ಲ.

ಫ್ಲೆಕ್ಸ್ ಮುದ್ರಣ ಕೈಬರಹದ ಪೇಂಟರುಗಳ ಕೆಲಸ ಕಿತ್ತುಕೊಂಡಿತು, ಈಗ ಯಂತ್ರವೇ ಕ್ಷಣದಲ್ಲಿ ಚಿತ್ರ ಬರೆದುಕೊಡುತ್ತಿದೆ ಎಂಬ ಮಾತೂ ಇದೆ. ಇದು ಎಲ್ಲಕ್ಕಿಂತ ಬಲವಾದ ಆಕ್ಷೇಪ. ಕರ್ನಾಟಕ 2016ರಲ್ಲೇ ಪ್ಲಾಸ್ಟಿಕ್ ಫ್ಲೆಕ್ಸ್ ನಿಷೇಧಿಸಿದರೂ ಬೀದಿಗಳು ಅದರಿಂದ ಖಾಲಿಯಾಗಲಿಲ್ಲ. ಅಗ್ಗದ, ಅವಸರದ ಕೆಲಸ ಯಂತ್ರದ ಪಾಲಾಗುವುದನ್ನು ತಡೆಯಲಾಗದು. ಅಕ್ಷರ ಬರೆಯುವುದೊಂದನ್ನೇ ನಂಬಿದವರಿಗೆ ಪೆಟ್ಟು ಬಿದ್ದದ್ದೂ ಅದಕ್ಕೇ. ಶಾಲೆಯ ಗೋಡೆ, ತೇರಿನ ಬಣ್ಣ, ಎದುರು ಕೂತವರ ಭಾವಚಿತ್ರ, ಊರಿನ ವ್ಯಾಪಾರಿಯ ಸ್ವಭಾವ ತಿಳಿದು ಮಾಡಿದ ಗುರುತು ಇವು ಆ ಜಾಗದಲ್ಲಿ ನಿಂತು ಮಾಡಬೇಕಾದ, ಕೊಟ್ಟ ಮಾತಿಗೆ ಹೊಣೆಯಾಗಬೇಕಾದ ಕೆಲಸಗಳು. ಯಂತ್ರವನ್ನು ಕರಡಿಗೆ ಬಳಸಿಕೊಂಡು, ಕಣ್ಣು ಮತ್ತು ಹೊಣೆಯನ್ನು ತಮ್ಮಲ್ಲೇ ಇಟ್ಟುಕೊಂಡವರಿಗೆ ಗಿರಾಕಿ ಉಳಿಯುತ್ತಾರೆ.

ಸರ್ಕಾರದ ಪಾತ್ರ ಇಲ್ಲವೆಂದಲ್ಲ. ಮಹಾರಾಷ್ಟ್ರದ ಕಲಾ ಸಂಚಾಲನಾಲಯ ನಡೆಸುವ ಎಲಿಮೆಂಟರಿ, ಇಂಟರ್‌ಮೀಡಿಯೇಟ್ ಚಿತ್ರಕಲಾ ಪರೀಕ್ಷೆಗಳು ಹಳ್ಳಿಯ ಮಕ್ಕಳಿಗೂ ತೆರೆದಿವೆ; ಕನ್ನಡ ಶಾಲೆಯ ಪ್ರತಿ ಮಗುವಿಗೂ ಅದರ ತಯಾರಿ ಸಿಗುವಂತೆ ಚಿತ್ರಕಲಾ ಶಿಕ್ಷಕರು ಬೇಕು. 2023ರ ಪಿಎಂ ವಿಶ್ವಕರ್ಮ ಯೋಜನೆ 18 ಕಸುಬುಗಳನ್ನು ಗುರುತಿಸಿದೆ. ಶಿಲ್ಪಿ, ಬೊಂಬೆ ಮಾಡುವವರು ಆ ಪಟ್ಟಿಯಲ್ಲಿದ್ದಾರೆ, ಬೋರ್ಡು ಬರೆಯುವ ಪೇಂಟರು ಇಲ್ಲ, ಅವರನ್ನೂ ಸೇರಿಸಬೇಕು. ಇಷ್ಟಾದರೂ ಸರ್ಕಾರ ನೂರು ಗಿರಾಕಿಗಳಲ್ಲಿ ಒಬ್ಬ ಗಿರಾಕಿಯಾಗಿರುವುದೇ ಕಲಾವಿದರಿಗೆ ಕ್ಷೇಮ. ಉಳಿದ ತೊಂಬತ್ತೊಂಬತ್ತು ಜನ ನಾವು. ಪಂಚಾಯಿತಿ ಗೋಡೆ ಬರೆಯಿಸಿದರೆ, ಸಂಘ ಚೀಟಿಯ ವಿನ್ಯಾಸ ಮಾಡಿಸಿದರೆ, ಮನೆಯವರು ಹಿರಿಯರ ಭಾವಚಿತ್ರ ಬರೆಯಿಸಿದರೆ, ಮುಂಗಡ ಕೊಟ್ಟು, ಕೆಲಸ ಮುಗಿದ ದಿನ ಬಾಕಿ ಚುಕ್ತಾ ಮಾಡಬೇಕು. ‘ಹೆಸರು ಬರುತ್ತದೆ, ಪುಕ್ಕಟೆ ಮಾಡಿಕೊಡು’ ಎಂದು ನಮ್ಮೂರಿನ ಹುಡುಗನಿಗೋ ಹುಡುಗಿಗೋ ಹೇಳುವ ಪದ್ಧತಿ ನಿಲ್ಲಬೇಕು. ಚಿತ್ರಕಾರರೂ ಬೆಲೆಯನ್ನು ಬಾಯಿಬಿಟ್ಟು ಹೇಳಬೇಕು, ಕರಾರನ್ನು ಬರೆದುಕೊಳ್ಳಬೇಕು, ಅಂಗಡಿಯ ಬಾಗಿಲನ್ನು ಹೇಳಿದ ಹೊತ್ತಿಗೆ ತೆರೆಯಬೇಕು. ಇಷ್ಟು ನಡೆದರೆ ಜತ್ತದಲ್ಲಿ ಕುಂಚ ಹಿಡಿದ ಮಕ್ಕಳು ಊರು ಬಿಡುವುದೋ ಉಳಿಯುವುದೋ ಎಂಬುದನ್ನು ಹೊಟ್ಟೆಯ ಹೆದರಿಕೆಯಿಂದಲ್ಲದೆ ತಮ್ಮ ಕಲೆಯ ಅಗತ್ಯವನ್ನು ನೋಡಿ ತೀರ್ಮಾನಿಸಬಲ್ಲರು.